ಮಧುಗಿರಿ ಬಸ್ ನಿಲ್ದಾಣಕ್ಕಿಂತ ತಗ್ಗಿನ ಬೆಟ್ಟ

ಐರ್ಲೆಂಡಿನ ಕಿಲ್ಕೆನ್ನಿ ಜಿಲ್ಲೆಯ ಬ್ರಾಂಡನ್ ಹಿಲ್ ಎಂಬ ಬೆಟ್ಟದಲ್ಲಿ ಇಡೀ ಬೆಳಿಗ್ಗೆ ನಡೆದರೂ ಇಬ್ಬರೇ ಮನುಷ್ಯರು ಎದುರಾದರೆಂದು ಹೋದ ಸಂಚಿಕೆಯಲ್ಲಿ ಬೇರೊಂದು ಪ್ರಶ್ನೆಗೆ ಉತ್ತರಿಸುತ್ತ ಒಂದೇ ಒಂದು ಸಾಲು ಬರೆದಿದ್ದೆ. ಆ ಸಾಲಿಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದಲೇ ಇಷ್ಟು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಮಕ್ಕಳು ಆ ದೇಶದಲ್ಲಿ ಕೆಲಸಕ್ಕಿರುವ ಮನೆಗಳು ನಮ್ಮ ಕಡೆಯೂ ಈಗ ಸಾಕಷ್ಟಿವೆ. ಜೊತೆಗೆ, ಬಂಡೆ ಬೆಟ್ಟಗಳ ನೆರಳಿನಲ್ಲಿ ಬೆಳೆದವರಿಗೆ ಇನ್ನೊಂದು ಊರಿನ ಬೆಟ್ಟದ ಸುದ್ದಿ ಕಿವಿಗೆ ಬಿದ್ದರೆ ಸುಮ್ಮನಿರಲು ಆಗುವುದಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ. ನಾನು ಪರ್ವತಾರೋಹಿಯಲ್ಲ, ಮಗನ ಮನೆಯ ನೆಪದಲ್ಲಿ ಮೂರು ಬೇಸಿಗೆಗಳನ್ನು ಅಲ್ಲಿ ಕಳೆದು, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮಾಡಲು ಕೆಲಸವಿಲ್ಲದೆ ಗುಡ್ಡ ಹತ್ತಿದ ತುಮಕೂರಿನ ನಿವೃತ್ತ ನೌಕರನೆಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಪ್ರಶ್ನೆ: ನನಗೆ ಅರವತ್ತೆರಡು ವರ್ಷ. ಮಧುಗಿರಿಯ ಕೋಟೆ ಬೆಟ್ಟವನ್ನು ಈಗಲೂ ವರ್ಷಕ್ಕೊಮ್ಮೆ ಅರ್ಧದವರೆಗಾದರೂ ಹತ್ತುತ್ತೇನೆ. ಮಗಳೂ ಅಳಿಯನೂ ಕಾರ್ಲೋ ಪಟ್ಟಣದಲ್ಲಿದ್ದಾರೆ, ಮೇ ತಿಂಗಳಲ್ಲಿ ಹೋಗುವವಳಿದ್ದೇನೆ. ತಾವು ಬರೆದ ಬೆಟ್ಟದ ಎತ್ತರ ಬರೀ 515 ಮೀಟರ್ ಎಂದು ಅಳಿಯ ಹೇಳುತ್ತಾರೆ. ನಮ್ಮ ಬೆಟ್ಟ ಹತ್ತಿದವರಿಗೆ ಅದು ಬೆಟ್ಟವೆನಿಸೀತೇ? ಅಲ್ಲಿ ನೋಡಲು ಏನಿದೆ?
– ನಿವೃತ್ತ ಶಿಕ್ಷಕಿ, ಮಧುಗಿರಿ

ಉತ್ತರ: ತಮ್ಮ ಅಳಿಯಂದಿರ ಲೆಕ್ಕ ಸರಿಯಾಗಿದೆ. ಕಿಲ್ಕೆನ್ನಿ ಜಿಲ್ಲೆಯಲ್ಲೆಲ್ಲ ಅತಿ ಎತ್ತರದ ಜಾಗ ಬ್ರಾಂಡನ್ ಹಿಲ್, ಅದರ ನೆತ್ತಿ 515 ಮೀಟರ್. ಮಧುಗಿರಿ ಪಟ್ಟಣವೇ ಸಮುದ್ರ ಮಟ್ಟದಿಂದ 750 ಮೀಟರಿಗೂ ಮೇಲಿದೆ; ಅಂದರೆ ತಾವು ಪಾವಗಡದ ಬಸ್ಸಿಗೆ ಕಾಯುತ್ತ ನಿಲ್ದಾಣದಲ್ಲಿ ನಿಂತಾಗಲೇ ಆ ಬೆಟ್ಟದ ನೆತ್ತಿಗಿಂತ ಎತ್ತರದಲ್ಲಿ ನಿಂತಿರುತ್ತೀರಿ. ಇಡೀ ಐರ್ಲೆಂಡಿನ ಅತಿ ಎತ್ತರದ ಶಿಖರವಾದ ಕೆರಿ ಜಿಲ್ಲೆಯ ಕ್ಯಾರನ್‌ಟೂಹಿಲ್ 1,038 ಮೀಟರ್. ಅದು ನಮ್ಮ ದೇವರಾಯನದುರ್ಗಕ್ಕಿಂತ ತಗ್ಗು, 1,478 ಮೀಟರಿನ ನಂದಿಯ ಮುಂದಂತೂ ಸಣ್ಣ ಗುಡ್ಡ. ಈ ಹೋಲಿಕೆಯನ್ನು ನಾನು ಮೊದಲ ಸಲ ಹೋದಾಗ ಮಗನ ಮುಂದೆ ಬಹಳ ಹೆಮ್ಮೆಯಿಂದ ಒಪ್ಪಿಸಿದ್ದೆ. ಮರುದಿನ ಬ್ರಾಂಡನ್ ಹಿಲ್ಲಿನ ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತ ಕೂತಿದ್ದಾಗ ಅವನು ಏನೂ ಹೇಳದೆ ನೀರಿನ ಬಾಟಲಿ ಕೊಟ್ಟ.

ಕಾಲು ಲೆಕ್ಕ ಹಾಕುವುದು ಸಮುದ್ರ ಮಟ್ಟದಿಂದಲ್ಲ, ಹೊರಟ ಜಾಗದಿಂದ. ಮಧುಗಿರಿಯ ಬೆಟ್ಟ ಸುಮಾರು 1,190 ಮೀಟರ್ ಇದ್ದರೂ ಪೇಟೆಯಿಂದ ಏರುವುದು 400 ಮೀಟರಿನ ಆಸುಪಾಸು ಮಾತ್ರ. ಬ್ರಾಂಡನ್ ಹಿಲ್ಲಿನ ಬುಡದಲ್ಲಿರುವ ಊರು ಗ್ರೇಗ್‌ನಮಾನ. ಅದು ಬ್ಯಾರೋ ನದಿಯ ದಡದ ಮೇಲಿದೆ. ಅಲ್ಲಿಂದ ಸ್ವಲ್ಪ ಕೆಳಗಿನ ಸೇಂಟ್ ಮಲ್ಲಿನ್ಸ್ ಎಂಬ ಊರಿನವರೆಗೆ ಸಮುದ್ರದ ಉಬ್ಬರವಿಳಿತ ನದಿಯಲ್ಲಿ ಏರಿ ಬರುತ್ತದೆ ಎಂದರೆ ಆ ಸೀಮೆ ಎಷ್ಟು ತಗ್ಗಿನಲ್ಲಿದೆ ಎಂಬುದು ತಮಗೆ ತಿಳಿದೀತು. ಹಾಗಾಗಿ ಊರಿನಿಂದಲೇ ಕಾಲ್ನಡಿಗೆಯಲ್ಲಿ ಹೊರಟರೆ ಏರಬೇಕಾದದ್ದು 500 ಮೀಟರಿಗೆ ಹತ್ತಿರ, ಅಂದರೆ ಮಧುಗಿರಿಗಿಂತ ಒಂದು ಕೈ ಹೆಚ್ಚೇ. ಕಡಿದಾದ ಬಂಡೆ, ಕಬ್ಬಿಣದ ಕಂಬಿ ಹಿಡಿದು ಹತ್ತುವ ಜಾಗ, ಎದೆ ನಡುಗಿಸುವ ಪ್ರಪಾತ ಇವು ಯಾವುವೂ ಇಲ್ಲವೆಂಬುದೂ ಅಷ್ಟೇ ನಿಜ. ಗಂಟೆಗೆ 5 ಕಿಲೋಮೀಟರ್ ನಡಿಗೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಎಂದು 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಎಂಬವರು ಕಟ್ಟಿದ ಸೂತ್ರವೊಂದನ್ನು ಆ ಕಡೆಯವರು ಇಂದಿಗೂ ಬಳಸುತ್ತಾರೆ. ನಮ್ಮ ವಯಸ್ಸಿನವರು ಅದರ ಮೇಲೆ ಮತ್ತೆ ಅರ್ಧದಷ್ಟು ಸೇರಿಸಿಕೊಂಡು, ಒಂದು ಪೂರ್ತಿ ಬೆಳಿಗ್ಗೆಯನ್ನು ಬೆಟ್ಟಕ್ಕೇ ಬಿಟ್ಟುಬಿಡುವುದು ಒಳ್ಳೆಯದು.

ವ್ಯತ್ಯಾಸವಿರುವುದು ಎತ್ತರದಲ್ಲಲ್ಲ, ನೆಲದಲ್ಲಿ. ಮಧುಗಿರಿ, ಪಾವಗಡಗಳ ಬೆಟ್ಟಗಳನ್ನು ಹೊತ್ತಿರುವುದು ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಸಿಕೊಳ್ಳುವ ಕಲ್ಲಿನ ಪಟ್ಟಿ. ಅದಕ್ಕೆ ಸುಮಾರು 250 ಕೋಟಿ ವರ್ಷ. ಬ್ಯಾರೋ ಕಣಿವೆಯ ಆಚೆ ನಿಂತಿರುವ ಬ್ಲ್ಯಾಕ್‌ಸ್ಟೇರ್ಸ್ ಸಾಲೂ ಗ್ರಾನೈಟೇ, ಆದರೆ ಅದಕ್ಕೆ ಸುಮಾರು 40 ಕೋಟಿ ವರ್ಷ, ನಮ್ಮ ಕಲ್ಲಿನ ಮುಂದೆ ಎಳೆಗೂಸು. ನಮ್ಮ ಬಂಡೆ ಬರಿಮೈಯಲ್ಲಿ ಬಿಸಿಲಿಗೆ ನಿಂತಿರುತ್ತದೆ, ಮಳೆ ನಿಂತು ಅರ್ಧ ಗಂಟೆಗೆ ಒಣಗುತ್ತದೆ, ಪಾದಕ್ಕೆ ಮೋಸ ಮಾಡುವುದಿಲ್ಲ. ಅಲ್ಲಿಯದು ಹುಲ್ಲು, ಪಾಚಿ, ಹೆದರ್ ಎಂಬ ಮೊಣಕಾಲುದ್ದದ ಪೊದೆ ಮತ್ತು ಕಪ್ಪು ಜೌಗುಮಣ್ಣನ್ನು ಹೊದ್ದುಕೊಂಡು ಮಲಗಿರುತ್ತದೆ. ಆ ದೇಶದ ಪೂರ್ವ ಭಾಗದಲ್ಲಿ ವರ್ಷಕ್ಕೆ ಸುಮಾರು 150 ದಿನ, ಪಶ್ಚಿಮದಲ್ಲಿ 225 ದಿನದವರೆಗೆ ಮಳೆ ಬೀಳುತ್ತದೆ. ನಮ್ಮ ಹಾಗೆ ಒಂದು ಸಂಜೆ ಗುಡುಗಿ ಕೆರೆ ತುಂಬಿಸಿ ಹೋಗುವ ಮಳೆಯಲ್ಲ, ನೆಲ ಒಣಗಲು ಬಿಡದೆ ಸುರಿಯುವ ಸೋನೆ. ಮೇ, ಜೂನ್ ತಿಂಗಳಲ್ಲಿ ಬಿಸಿಲು ಬಿದ್ದ ದಿನವೂ ದಾರಿಯಲ್ಲಿ ಕೆಸರಿರುತ್ತದೆ ಎಂದೇ ತಿಳಿದು ಹೊರಡಿ. ಬೆಟ್ಟಕ್ಕೆ ಬರಿಗಾಲಿನಲ್ಲೋ ಚಪ್ಪಲಿಯಲ್ಲೋ ಹೋಗುವ ನಮ್ಮ ರೂಢಿ ಅಲ್ಲಿ ನಡೆಯದು. ಕಣಕಾಲು ಮುಚ್ಚುವ, ನೀರು ಒಳಗೆ ಬಿಡದ ಬೂಟನ್ನು ಅಲ್ಲೇ ಕೊಳ್ಳಿ. ಇಲ್ಲಿಂದ ಹೊಸ ಸ್ಪೋರ್ಟ್ಸ್ ಶೂ ಒಯ್ದು ಮೊದಲ ದಿನವೇ ಕಪ್ಪು ಮಾಡಿಕೊಂಡವನ ಮಾತು ಇದು.

ನೋಡಲು ಏನಿದೆ ಎಂದು ಕೇಳಿದ್ದೀರಿ. ಗ್ರೇಗ್‌ನಮಾನ ಎಂದರೆ ಐರಿಷ್ ಭಾಷೆಯಲ್ಲಿ ಸನ್ಯಾಸಿಗಳ ಹಳ್ಳಿ. 13ನೆಯ ಶತಮಾನದ ಆರಂಭದಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳು ಕಟ್ಟಿದ ಡಸ್ಕ್ ಮಠದ ಚರ್ಚು ಊರ ನಡುವೆ ಇದೆ, ಅಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಊರು ಬಿಟ್ಟ ಮೇಲೆ ಹಳದಿ ಬಣ್ಣದ ನಡೆಯುವ ಮನುಷ್ಯನ ಗುರುತಿರುವ ಕಂಬಗಳು ಸಿಗುತ್ತವೆ. ಅದು ಸೌತ್ ಲೆನ್‌ಸ್ಟರ್ ವೇ ಎಂಬ ದೂರದ ಕಾಲುದಾರಿಯ ಗುರುತು. ಆ ದಾರಿ ಬೆಟ್ಟದ ಪಕ್ಕೆಯನ್ನು ಬಳಸಿ ಹೋಗುವುದರಿಂದ ನೆತ್ತಿಗೆ ಹೋಗುವವರು ಅದರಿಂದ ಕವಲೊಡೆಯಬೇಕು. ಬೆಟ್ಟದ ಕೆಳಭಾಗದಲ್ಲಿ ಸಾಲು ಹಿಡಿದು ನೆಟ್ಟ ಸೂಚಿಪರ್ಣಿ ಮರಗಳ ತೋಪು. ಅಂಥ ತೋಪುಗಳಲ್ಲಿ ಹೆಚ್ಚಾಗಿ ಕಾಣುವುದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಿಂದ ತಂದ ಸಿಟ್ಕಾ ಸ್ಪ್ರೂಸ್, ಮರಮುಟ್ಟಿಗಾಗಿ ಬೆಳೆಸುವುದು. ಕೋಲಾರದ ನೀಲಗಿರಿ ತೋಪನ್ನು ನೋಡಿದವರಿಗೆ ಅದು ಹೊಸದೇನಲ್ಲ: ಒಳಗೆ ಕತ್ತಲೆ, ಕೆಳಗೆ ಹುಲ್ಲಿಲ್ಲ, ಹಕ್ಕಿಯ ದನಿ ಕಡಿಮೆ. ಈ ಭಾಗ ನನಗೆ ಹಿಡಿಸಲಿಲ್ಲ, ಬೇಗ ದಾಟಿಬಿಡಿ. ತೋಪು ಮುಗಿದದ್ದೇ ತಡ ಆಕಾಶ ಒಮ್ಮೆಲೇ ಬಿಚ್ಚಿಕೊಂಡು, ಮರವೇ ಇಲ್ಲದ ಹೆದರಿನ ಇಳಿಜಾರು ಎದುರಾಗುತ್ತದೆ. ಹೆದರ್ ನೇರಳೆ ಬಣ್ಣಕ್ಕೆ ತಿರುಗುವುದು ಆಗಸ್ಟಿನಲ್ಲಿ. ತಾವು ಹೋಗುವ ಮೇ ತಿಂಗಳಲ್ಲಿ ಗೋರ್ಸ್ ಎಂಬ ಮುಳ್ಳುಪೊದೆ ತಂಗಡಿಯಷ್ಟೇ ಹಳದಿಯಾಗಿ ಹೂ ಬಿಟ್ಟಿರುತ್ತದೆ, ಬಿಸಿಲು ಬಿದ್ದರೆ ಅದರಿಂದ ಕೊಬ್ಬರಿಯ ವಾಸನೆ ಬರುತ್ತದೆ. ತಿಪಟೂರಿನ ಸಂತೆಬೀದಿಯ ವಾಸನೆ ಐರ್ಲೆಂಡಿನ ಗುಡ್ಡದ ಮೇಲೆ ಮೂಗಿಗೆ ಬಡಿದಾಗ ನಾನು ಸುತ್ತಮುತ್ತ ತಿರುಗಿ ನೋಡಿದ್ದುಂಟು. ನೆತ್ತಿಯಲ್ಲಿ ಒಂದು ಕಲ್ಲುಗುಪ್ಪೆ. ಪೂರ್ವಕ್ಕೆ ಬ್ಲ್ಯಾಕ್‌ಸ್ಟೇರ್ಸ್ ಸಾಲು, ಅದರಲ್ಲಿ ಪ್ರಸಾರದ ಗೋಪುರ ಹೊತ್ತ 795 ಮೀಟರಿನ ಮೌಂಟ್ ಲೆನ್‌ಸ್ಟರ್; ಕೆಳಗೆ ಬ್ಯಾರೋ ಕಣಿವೆ, ಬೇಲಿಗಳಿಂದ ತುಂಡು ತುಂಡಾದ ಹಸಿರು ಹೊಲಗಳು.

ಒಂದು ಎಚ್ಚರಿಕೆ. ಕೆರಿ ಜಿಲ್ಲೆಯಲ್ಲಿ ಮೌಂಟ್ ಬ್ರಾಂಡನ್ ಎಂಬ ಇನ್ನೊಂದು ಬೆಟ್ಟವಿದೆ. ಅದು 952 ಮೀಟರ್, ಅಟ್ಲಾಂಟಿಕ್ ಸಮುದ್ರದ ಪಕ್ಕದಿಂದಲೇ ಏರುವ, ಮೋಡ ಕವಿದರೆ ಅಪಾಯಕಾರಿಯಾಗುವ ನಿಜವಾದ ಪರ್ವತ. ನಮ್ಮಲ್ಲಿ ಸಿದ್ಧರಬೆಟ್ಟ ಎಂದರೆ ಯಾವ ತಾಲ್ಲೂಕಿನದು ಎಂದು ಕೇಳುವಂತೆ ಅಲ್ಲಿಯೂ ಜಿಲ್ಲೆಯ ಹೆಸರು ಕೇಳಿಕೊಂಡೇ ಫೋನಿನ ನಕ್ಷೆಯನ್ನು ನಂಬಬೇಕು.

ಪ್ರಶ್ನೆ: ಸ್ಕಂದಗಿರಿಯನ್ನು ಬೆಳಗಿನ ಜಾವ ಹತ್ತಿ ಮೋಡಗಳ ಮೇಲೆ ಸೂರ್ಯ ಹುಟ್ಟುವುದನ್ನು ನಾಲ್ಕು ಸಲ ನೋಡಿದ್ದೇನೆ. ಸೆಪ್ಟೆಂಬರಿನಲ್ಲಿ ಓದಲು ಡಬ್ಲಿನ್‌ಗೆ ಹೋಗುತ್ತಿದ್ದೇನೆ. ಅಲ್ಲಿನ ಗುಡ್ಡಗಳಿಗೆ ಅನುಮತಿಯಾಗಲಿ ಟಿಕೆಟ್ಟಾಗಲಿ ಬೇಡವಂತೆ. ಹಾಗಾದರೆ ಒಬ್ಬನೇ ರಾತ್ರಿ ಹೊರಟು ಸೂರ್ಯೋದಯ ನೋಡಬಹುದಲ್ಲವೇ?
– ವಿದ್ಯಾರ್ಥಿ, ಗೌರಿಬಿದನೂರು

ಉತ್ತರ: ಬೇಡ. ಸ್ಕಂದಗಿರಿಗೆ ಅರಣ್ಯ ಇಲಾಖೆಯಲ್ಲಿ ಮೊದಲೇ ಕಾಯ್ದಿರಿಸಿಕೊಂಡು ಹೋಗಬೇಕು, ನಿಮ್ಮ ಹಿಂದೆ ಮುಂದೆ ನೂರು ಟಾರ್ಚುಗಳಿರುತ್ತವೆ, ದಾರಿ ತಪ್ಪಿದರೆ ಕೂಗಿ ಕರೆಯಲು ಜನರಿದ್ದಾರೆ. ಐರ್ಲೆಂಡಿನ ಸದ್ದಿಲ್ಲದ ಗುಡ್ಡದಲ್ಲಿ ತಡೆಯುವವರು ಯಾರೂ ಇಲ್ಲವೆಂದರೆ ಹುಡುಕುವವರೂ ಹತ್ತಿರದಲ್ಲಿ ಯಾರೂ ಇಲ್ಲವೆಂದೇ ಅರ್ಥ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಲೀಶ್ ಮತ್ತು ಆಫಲಿ ಜಿಲ್ಲೆಗಳ ಗಡಿಯಲ್ಲಿ ಸ್ಲೀವ್ ಬ್ಲೂಮ್ ಎಂಬ ತಗ್ಗಾದ, ಉದ್ದನೆಯ ಗುಡ್ಡಸಾಲಿದೆ; ಬ್ಯಾರೋ ನದಿ ಹುಟ್ಟುವುದೂ ಅಲ್ಲಿಯೇ. ಅದರ ಅತಿ ಎತ್ತರದ ನೆತ್ತಿಯ ಹೆಸರು ಆರ್ಡೆರಿನ್, ಐರ್ಲೆಂಡಿನ ಎತ್ತರ ಎಂದು ಅದರ ಅರ್ಥ. ಇರುವುದು 527 ಮೀಟರ್, ಹೆಸರಿಟ್ಟವರ ಉತ್ಸಾಹಕ್ಕೆ ನಗಬಾರದು. ದೇಶದ ನಟ್ಟನಡುವೆ ಇದ್ದರೂ ವಾರಾಂತ್ಯದಲ್ಲಿಯೂ ಅಲ್ಲಿ ಜನ ವಿರಳ. ಸ್ವಚ್ಛ ಬಿಸಿಲಿನ ಹತ್ತು ಗಂಟೆಗೆ ಹತ್ತಿದವನಿಗೆ ಹನ್ನೊಂದಕ್ಕೆ ನನ್ನ ಚಾಚಿದ ಕೈಯೇ ಕಾಣದಷ್ಟು ಮಂಜು ಕವಿಯಿತು. ನಂದಿಯ ಮಂಜು ಫೋಟೋ ತೆಗೆಸಿಕೊಳ್ಳಲು ಚೆನ್ನ, ಏಕೆಂದರೆ ಅಲ್ಲಿ ಕಾಲ ಕೆಳಗೆ ಡಾಂಬರು ಇರುತ್ತದೆ. ಇಲ್ಲಿ ಕಾಲ ಕೆಳಗಿದ್ದದ್ದು ಪೀಟ್. ಸಾವಿರಾರು ವರ್ಷಗಳಿಂದ ಪಾಚಿಯೂ ಗಿಡಗಳೂ ನೀರಿನಲ್ಲಿ ಅರ್ಧ ಕೊಳೆತು, ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರಿನಂತೆ ಪದರಗಟ್ಟಿದ ಕಪ್ಪು ಮಣ್ಣು ಅದು. ಹಳ್ಳಿಗರು ಅದನ್ನು ಇಟ್ಟಿಗೆಯ ಆಕಾರದಲ್ಲಿ ಕೊಯ್ದು ಒಣಗಿಸಿ, ನಾವು ಬೆರಣಿ ಉರಿಸುವಂತೆ ಒಲೆಗೆ ಹಾಕುತ್ತಿದ್ದರು. ಒಣಗುವ ಮೊದಲು ಅದರ ತೂಕದ ಬಹುಪಾಲು ನೀರೇ. ಹಚ್ಚ ಹಸಿರಾಗಿ, ಮೆತ್ತೆಯಂತೆ ಕಾಣುವ ಜಾಗವೇ ಅತಿ ಆಳ ಎಂಬುದು ನನಗೆ ತಿಳಿದದ್ದು ಬಲಗಾಲು ಮೊಣಕಾಲಿನವರೆಗೆ ಇಳಿದ ಮೇಲೆ. ಕಾಲು ಬಂತು, ಬೂಟು ಬರಲಿಲ್ಲ. ಕೈ ಹಾಕಿ ಕಿತ್ತುಕೊಂಡೆ. ಆಮೇಲೆ ಇಳಿದದ್ದು ಹತ್ತಿದ ಕಣಿವೆಗಲ್ಲ, ಸಾಲಿನ ಆಚೆ ಬದಿಯ ಇನ್ನೊಂದು ಕಣಿವೆಗೆ. ಕಾರು ನಿಲ್ಲಿಸಿದ್ದ ಜಾಗಕ್ಕೆ ಮರಳಿ ಸೇರುವಾಗ ಸಂಜೆಯಾಗಿತ್ತು. ಇದೆಲ್ಲ ನಡೆದದ್ದು ಹಗಲಿನಲ್ಲಿ, ಜೂನ್ ತಿಂಗಳಿನಲ್ಲಿ, 527 ಮೀಟರಿನ ಗುಡ್ಡದಲ್ಲಿ.

ಆದ್ದರಿಂದ ಸೂರ್ಯೋದಯದ ಆಸೆಯನ್ನು ಸ್ಕಂದಗಿರಿಗೇ ಮೀಸಲಿಡಿ. ಜೂನ್ ಕೊನೆಯಲ್ಲಿ ಅಲ್ಲಿ ಬೆಳಗಿನ ಐದಕ್ಕೆ ಬೆಳಕಾಗಿ ರಾತ್ರಿ ಹತ್ತರವರೆಗೆ ಬೆಳಕಿರುತ್ತದೆ, ಅವಸರಕ್ಕೆ ಕಾರಣವೇ ಇಲ್ಲ. ನೀವು ತಲುಪಿದ ಮೇಲೆ ದಿನಗಳು ಕುಗ್ಗುತ್ತ ಹೋಗುತ್ತವೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ, ಮಧ್ಯಾಹ್ನ ಊಟ ಮುಗಿಸಿ ಬೆಟ್ಟಕ್ಕೆ ಹೊರಡುವ ಮಾತೇ ಇಲ್ಲ. ಮೇಲೆ ಹೋದಂತೆ ಪ್ರತಿ ನೂರು ಮೀಟರಿಗೆ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ತಣ್ಣಗಾಗುತ್ತದೆ, ಗಾಳಿಯ ಚಳಿ ಬೇರೆ. ಹತ್ತಿಯ ಬಟ್ಟೆ ನೆನೆದರೆ ಮೈಗೆ ಅಂಟಿಕೊಂಡು ಇನ್ನಷ್ಟು ಚಳಿ ಕೊಡುವುದರಿಂದ ಜೀನ್ಸ್ ಪ್ಯಾಂಟು ಬೇಡ. ಉಣ್ಣೆಯದೋ ಬೇಗ ಒಣಗುವ ನೈಲಾನಿನದೋ ಇರಲಿ, ಮೇಲೊಂದು ಗಟ್ಟಿ ರೇನ್‌ಕೋಟು. ಮೆಟ್ ಏರನ್ ಎಂಬುದು ಅಲ್ಲಿನ ಹವಾಮಾನ ಇಲಾಖೆ. ಅದು ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಹೊರಡಿಸುತ್ತದೆ. ಹಳದಿ ಬಂದ ದಿನವೇ ಹಾಸ್ಟೆಲಿನಲ್ಲಿ ಉಳಿಯುವುದು ನಿಮ್ಮಂಥ ಹೊಸಬರಿಗೆ ಕ್ಷೇಮ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸು ಎಂದು ಯಾರಿಗಾದರೂ ಹೇಳಿ ಹೊರಡಿ. ಅಪಾಯವಾದರೆ 112ಕ್ಕೆ ಕರೆ ಮಾಡಿ ಮೌಂಟನ್ ರೆಸ್ಕ್ಯೂ ಬೇಕೆಂದು ಕೇಳಬೇಕು. ಬರುವವರು ಸ್ವಯಂಸೇವಕರು, ತಮ್ಮ ಕೆಲಸ ಬಿಟ್ಟು ನಿಮ್ಮನ್ನು ಹುಡುಕಲು ಬರುವ ಊರಿನವರೇ.

ಪ್ರಶ್ನೆ: ನಾವು ದಂಪತಿಗಳು, ಇಬ್ಬರಿಗೂ ಮಂಡಿನೋವು. ಅಂತರಗಂಗೆಯ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತುತ್ತೇವೆ, ಅದಕ್ಕಿಂತ ಹೆಚ್ಚು ಆಗದು. ನಮಗೆ ಹೊಂದುವ ಬೆಟ್ಟ ಅಲ್ಲಿ ಇದೆಯೇ?
– ಕೋಲಾರದ ಓದುಗರು

ಉತ್ತರ: ಇದೆ. ಮೀಥ್ ಜಿಲ್ಲೆಯ ಓಲ್ಡ್‌ಕಾಸಲ್ ಎಂಬ ಪುಟ್ಟ ಪಟ್ಟಣದ ಬಳಿ ಲಾಕ್‌ಕ್ರೂ ಗುಡ್ಡಗಳಿವೆ. ಐರಿಷ್ ಭಾಷೆಯ ಹೆಸರು ಸ್ಲೀವ್ ನ ಕ್ಯಾಲಿಯ, ಅಂದರೆ ಮುದುಕಿಯ ಬೆಟ್ಟ. ಅತಿ ಎತ್ತರದ ಜಾಗ 276 ಮೀಟರ್, ಆ ಜಿಲ್ಲೆಗೆ ಅದೇ ದೊಡ್ಡದು. ಗುಡ್ಡದ ಬಳಿಯವರೆಗೆ ಕಾರು ಹೋಗುತ್ತದೆ. ಅಲ್ಲಿಂದ ಹುಲ್ಲಿನ ಏರು, ಮೊದಲ ಭಾಗ ಸ್ವಲ್ಪ ಕಡಿದು, ನಡುವೆ ನಿಂತು ನಿಂತು ಹೋದರೆ ಮಂಡಿಗೆ ತೊಂದರೆಯಾಗದು.

ಮೇಲೆ ಇರುವುದು 5,000 ವರ್ಷಕ್ಕೂ ಹಳೆಯ ಕಲ್ಲಿನ ಸಮಾಧಿಗಳು. ಮಂತ್ರದ ಮುದುಕಿಯೊಬ್ಬಳು ಗುಡ್ಡದಿಂದ ಗುಡ್ಡಕ್ಕೆ ನೆಗೆಯುವಾಗ ಅವಳ ಮಡಿಲಿನಿಂದ ಉದುರಿದ ಕಲ್ಲುಗಳೇ ಇವು ಎಂದು ಅಲ್ಲಿನವರ ಕಥೆ. ಬಯಲಿನಲ್ಲಿ ನಿಂತ ಹಳೆಯ ಕಲ್ಲುಮನೆಗಳನ್ನು ಪಾಂಡವರ ಮನೆ ಎನ್ನುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವುಗಳಲ್ಲಿ ಕೇರ್ನ್ ಟಿ ಎಂಬುದು ಮುಖ್ಯವಾದುದು. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲು ಇರುಳು ಸಮವಾಗುವ ದಿನಗಳ ಆಸುಪಾಸಿನಲ್ಲಿ, ಹುಟ್ಟುವ ಸೂರ್ಯನ ಕಿರಣ ಅದರ ಕಿರುದಾರಿಯ ಮೂಲಕ ಒಳಹೊಕ್ಕು, ಹಿಂದಿನ ಕಲ್ಲಿನ ಮೇಲೆ ಕೊರೆದ ಸೂರ್ಯನಂಥ ಚಿತ್ರಗಳ ಮೇಲೆ ಬೀಳುತ್ತದೆ. ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಜನ ಕಾಯುವಂತೆ ಆ ದಿನಗಳಲ್ಲಿ ಅಲ್ಲಿಯೂ ಜನ ಕಾಯುತ್ತಾರೆ. ಮೌನ ಬೇಕಿದ್ದರೆ ಆ ದಿನಗಳನ್ನು ಬಿಟ್ಟು ಬೇರೆ ದಿನ ಹೋಗಿ.

ನೀವು ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ. ಸ್ವಂತ ಮನೆಯಾಗಲಿ ಎಂಬ ಹರಕೆಯಿಂದ ಬೆಟ್ಟದ ಮೇಲೆ ಕಲ್ಲಿನ ಮೇಲೆ ಕಲ್ಲು ಪೇರಿಸುವುದು ನಮ್ಮ ರೂಢಿ. ಅಲ್ಲಿ ಹಾಗೆ ಮಾಡಬೇಡಿ. ಹಳೆಯ ಸಮಾಧಿಯ ಒಂದು ಕಲ್ಲನ್ನು ಕದಲಿಸುವುದೂ ತಪ್ಪು, ಅವು ರಕ್ಷಿತ ಸ್ಮಾರಕಗಳು. ಬೇರೆ ಗುಡ್ಡಗಳಲ್ಲಿ ಕಲ್ಲುಗುಪ್ಪೆ ಎಂದರೆ ಮಂಜಿನಲ್ಲಿ ದಾರಿ ತೋರಿಸುವ ಗುರುತು. ನಮ್ಮ ಹರಕೆಯ ಗುಪ್ಪೆಯನ್ನು ನಂಬಿ ಯಾರೋ ಜೌಗಿನ ಕಡೆಗೆ ತಿರುಗಿದರೆ ಆ ಪಾಪ ನಮಗೆ.

ಪ್ರಶ್ನೆ: ನಮ್ಮದು ಕುರಿ ಸಾಕುವ ಮನೆತನ. ನನ್ನ ತಮ್ಮ ಕಳಿಸಿದ ಫೋಟೋಗಳಲ್ಲಿ ಗುಡ್ಡದ ತುಂಬ ಕುರಿಗಳಿವೆ, ಕಾಯುವವರು ಒಬ್ಬರೂ ಕಾಣುವುದಿಲ್ಲ. ಕುರಿಗಳ ಮೈಮೇಲೆ ನೀಲಿ, ಕೆಂಪು ಬಣ್ಣ ಬಳಿದಿದೆ. ಆ ಗುಡ್ಡ ಯಾರದು? ಕುರಿ ಯಾರದು?
– ಪಾವಗಡ ತಾಲ್ಲೂಕಿನ ಓದುಗ

ಉತ್ತರ: ಬಂದ ಪತ್ರಗಳಲ್ಲೆಲ್ಲ ನನಗೆ ಹೆಚ್ಚು ಮೆಚ್ಚುಗೆಯಾದ ಪ್ರಶ್ನೆ ಇದು, ಏಕೆಂದರೆ ಪ್ರವಾಸಿಗರು ಕೇಳಲೇಬೇಕಾಗಿದ್ದು ಇದನ್ನೇ.

ಬಣ್ಣ ಯಜಮಾನನ ಗುರುತು. ಹಲವರ ಕುರಿಗಳು ಒಂದೇ ಗುಡ್ಡದಲ್ಲಿ ಬೆರೆತು ಮೇಯುವುದರಿಂದ ಒಬ್ಬೊಬ್ಬರು ಒಂದೊಂದು ಬಣ್ಣವನ್ನು ಮೈಯ ಬೇರೆ ಬೇರೆ ಭಾಗಕ್ಕೆ ಬಳಿದಿರುತ್ತಾರೆ. ಕಾಯುವವನಿಲ್ಲದಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಆ ದೇಶದಲ್ಲಿ ತೋಳವಿಲ್ಲ, ಚಿರತೆಯಿಲ್ಲ. ಕೊನೆಯ ತೋಳವನ್ನು 1786ರಲ್ಲಿ ನಾನು ಮೇಲೆ ಹೇಳಿದ ಮೌಂಟ್ ಲೆನ್‌ಸ್ಟರ್ ಬಳಿ ಕೊಂದರೆಂದು ಹೇಳುತ್ತಾರೆ. ನರಿಯ ಕಾಟ ಎಳೆಮರಿಗಳಿಗೆ ಮಾತ್ರ. ಎರಡನೆಯದು, ಗುಡ್ಡದ ಕುರಿ ತಾಯಿಯ ಹಿಂದೆ ತಿರುಗಿ ತನ್ನ ಮೇವಿನ ಮೇರೆಯನ್ನು ಕಲಿತಿರುತ್ತದೆ, ಬೇಲಿಯಿಲ್ಲದಿದ್ದರೂ ಬಹುಮಟ್ಟಿಗೆ ಅಲ್ಲಿಯೇ ಉಳಿಯುತ್ತದೆ. ನಿಮ್ಮ ಹಿರಿಯರಿಗೆ ಇದು ಹೊಸ ವಿಷಯವಲ್ಲ.

ಗುಡ್ಡ ಯಾರದು ಎಂಬುದು ಇನ್ನೂ ಮುಖ್ಯ. ನಮ್ಮ ಗೋಮಾಳ ಸರ್ಕಾರದ್ದು. ಅಲ್ಲಿ ಗುಡ್ಡದ ಮೇಲಿನ ಎಷ್ಟೋ ಹುಲ್ಲುಗಾವಲುಗಳು ಗೋಮಾಳದಂತೆ ಕಂಡರೂ ಹಲವು ರೈತರು ಪಾಲುದಾರರಾಗಿ ಜಂಟಿಯಾಗಿ ಇಟ್ಟುಕೊಂಡ ಖಾಸಗಿ ಜಮೀನುಗಳು. ಮರದ ತೋಪುಗಳು ಬಹಳಷ್ಟು ಕಡೆ ಕ್ವಿಲ್ಚ ಎಂಬ ಸರ್ಕಾರಿ ಅರಣ್ಯ ಸಂಸ್ಥೆಯವು, ಅಲ್ಲಿ ಕಾಲ್ನಡಿಗೆಯವರಿಗೆ ಮುಕ್ತ ಪ್ರವೇಶವಿದೆ. ಉಳಿದ ಕಡೆ, ಸ್ಕಾಟ್ಲೆಂಡಿನಲ್ಲಿರುವಂತೆ ಎಲ್ಲೆಂದರಲ್ಲಿ ನಡೆಯುವ ಹಕ್ಕು ಐರ್ಲೆಂಡಿನ ಕಾನೂನಿನಲ್ಲಿ ಇಲ್ಲ; ನಾವು ನಡೆಯುವುದು ರೈತನ ಸೌಜನ್ಯದಿಂದ. ಮನರಂಜನೆಗಾಗಿ ಬಂದವರು ತಾವಾಗಿಯೇ ಬಿದ್ದು ಪೆಟ್ಟು ಮಾಡಿಕೊಂಡರೆ ಜಮೀನಿನವನ ಹೊಣೆ ಬಹಳ ಸೀಮಿತವೆಂದು 1995ರ ಕಾನೂನೊಂದು ಹೇಳಿದ ಮೇಲೆ ರೈತರ ಆತಂಕ ಸ್ವಲ್ಪ ತಗ್ಗಿತು. ಆದರೂ ಕೆಲವು ಬೇಲಿಗಳ ಮೇಲೆ ಪ್ರವೇಶವಿಲ್ಲ ಎಂಬ ಫಲಕ ಇರುತ್ತದೆ. ಅದರ ಮುಂದೆ ವಾದಿಸುತ್ತ ನಿಲ್ಲದೆ ಹಿಂತಿರುಗಬೇಕು.

ಗೇಟು ತೆರೆದಿದ್ದರೆ ತೆರೆದೇ ಬಿಡುವುದು, ಮುಚ್ಚಿದ್ದರೆ ದಾಟಿ ಮತ್ತೆ ಮುಚ್ಚುವುದು ಅಲ್ಲಿನ ಮೊದಲ ಪಾಠ. ಬೇಲಿಗೆ ಅಡ್ಡಲಾಗಿ, ಮಲೆನಾಡಿನವರು ತಡಬೆ ಎನ್ನುವಂಥ ಮೆಟ್ಟಿಲು ಕಟ್ಟಿರುತ್ತಾರೆ, ಅಲ್ಲಿಯೇ ದಾಟಬೇಕು. ಗಾರೆಯಿಲ್ಲದೆ ಬರಿ ಕಲ್ಲಿನಿಂದ ಪೇರಿಸಿದ ಗೋಡೆಯನ್ನು ಹತ್ತಿದರೆ ಅದು ಕುಸಿಯುತ್ತದೆ. ನಾಯಿಯನ್ನು ಒಯ್ಯಲೇಬಾರದು. ಫೆಬ್ರವರಿಯಿಂದ ಏಪ್ರಿಲ್ ಕುರಿ ಈಯುವ ಕಾಲ; ಗಬ್ಬದ ಕುರಿಯನ್ನು ಓಡಿಸಿದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕೆ? ಹೋರಿಯಿರುವ ಹೊಲವನ್ನು ಸುತ್ತಿಯೇ ಹೋಗಬೇಕು. ಎದುರಿಗೆ ಟ್ರ್ಯಾಕ್ಟರ್ ಬಂದರೆ ಅದರ ಯಜಮಾನ ಸ್ಟಿಯರಿಂಗಿನಿಂದ ಒಂದೇ ಬೆರಳು ಎತ್ತುತ್ತಾನೆ. ಅದು ಅಲ್ಲಿನ ನಮಸ್ಕಾರ. ನೀವೂ ಕೈಯೆತ್ತಿ, ಅವನು ನಿಲ್ಲಿಸಿದರೆ ನಿಂತು ಮಾತಾಡಿ. ಯಾವೂರು, ಯಾರ ಮನೆಗೆ ಬಂದಿರಿ ಎಂದು ನಮ್ಮ ಹಳ್ಳಿಯವರಷ್ಟೇ ಕುತೂಹಲದಿಂದ ಕೇಳುತ್ತಾನೆ. ಕುರಿಯ ವಿಷಯ ನೀವು ತೆಗೆದರಂತೂ ಆ ದಿನ ಬೆಟ್ಟ ಹತ್ತಿದಂತೆಯೇ ಸರಿ.

ಪ್ರಶ್ನೆ: ಭಾನುವಾರ ನಂದಿಬೆಟ್ಟದ ದಾರಿಯಲ್ಲಿ ಕಾರುಗಳ ಸಾಲು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ತಮಗೆ ಗೊತ್ತಿದೆ. ಜನರಿಲ್ಲದ ಬೆಟ್ಟದ ಹೆಸರನ್ನು ಪತ್ರಿಕೆಯಲ್ಲಿ ಬರೆಯುವುದು ಆ ಬೆಟ್ಟಕ್ಕೆ ಮಾಡುವ ಅನ್ಯಾಯವಲ್ಲವೇ?
– ಚಿಕ್ಕಬಳ್ಳಾಪುರದ ಓದುಗರು

ಉತ್ತರ: ಆಕ್ಷೇಪಣೆಯನ್ನು ಅರ್ಧ ಒಪ್ಪುತ್ತೇನೆ. ಮೇಯೋ ಜಿಲ್ಲೆಯಲ್ಲಿ ಕ್ರೋ ಪ್ಯಾಟ್ರಿಕ್ ಎಂಬ 764 ಮೀಟರಿನ ಪವಿತ್ರ ಬೆಟ್ಟವಿದೆ. ಜುಲೈ ಕೊನೆಯ ಭಾನುವಾರ ಸಾವಿರಾರು ಭಕ್ತರು, ಕೆಲವರು ಬರಿಗಾಲಿನಲ್ಲಿ, ಅದನ್ನು ಹತ್ತುತ್ತಾರೆ. ವರ್ಷವಿಡೀ ಜನ ತುಳಿದು ಅದರ ದಾರಿ ಎಷ್ಟು ಸವೆಯಿತೆಂದರೆ ಕಲ್ಲು ಕೂರಿಸಿ ದುರಸ್ತಿ ಮಾಡಬೇಕಾಯಿತು.

ಆದರೆ ಸದ್ದಿಲ್ಲದ ಗುಡ್ಡಗಳೆಲ್ಲ ಹುಟ್ಟಿನಿಂದಲೇ ಸದ್ದಿಲ್ಲದವು ಎಂದು ತಿಳಿಯುವುದು ತಪ್ಪು. ಅದೇ ಜುಲೈ ಕೊನೆಯ ಭಾನುವಾರ ಒಂದು ಕಾಲದಲ್ಲಿ ಐರ್ಲೆಂಡಿನ ಎಷ್ಟೋ ಸಣ್ಣ ಗುಡ್ಡಗಳಿಗೆ ಸುತ್ತಲ ಹಳ್ಳಿಯವರು ಪಿಟೀಲು ಹಿಡಿದು ಹತ್ತಿ, ಹಾಡಿ ಕುಣಿದು, ಫ್ರಾಹನ್ ಎಂಬ ಸಣ್ಣ ಕಪ್ಪು ಹಣ್ಣನ್ನು ಆರಿಸಿ ತರುತ್ತಿದ್ದರು. ಆ ದಿನಕ್ಕೆ ಫ್ರಾಹನ್ ಭಾನುವಾರವೆಂದೇ ಹೆಸರು. ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ನೋಡಿ ಒಪ್ಪುವ ಜಾಗವೂ ಅದೇ ಆಗಿತ್ತು. ಹಣ್ಣು ಇಂದಿಗೂ ಹೆದರಿನ ನಡುವೆ ಬಿಡುತ್ತದೆ, ತಿಂದರೆ ನೇರಳೆ ತಿಂದಂತೆ ನಾಲಿಗೆ ನೀಲಿಯಾಗುತ್ತದೆ. ಆರಿಸುವವರು ಮಾತ್ರ ಕಡಿಮೆ. 1841ರ ಜನಗಣತಿಯಲ್ಲಿ ಆ ದ್ವೀಪದಲ್ಲಿ 81 ಲಕ್ಷಕ್ಕೂ ಹೆಚ್ಚು ಜನರಿದ್ದರು. 1845ರಿಂದ ಆಲೂಗೆಡ್ಡೆಗೆ ರೋಗ ತಗುಲಿ ಬಂದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷದಷ್ಟು ಜನ ಹಡಗು ಹತ್ತಿದರು, ಆಮೇಲೂ ಹೋಗುತ್ತಲೇ ಇದ್ದರು. ಉತ್ತರ, ದಕ್ಷಿಣ ಎರಡನ್ನೂ ಕೂಡಿಸಿದರೆ ಇಂದು ಅಲ್ಲಿನ ಜನಸಂಖ್ಯೆ 70 ಲಕ್ಷ ದಾಟಿದೆಯಷ್ಟೆ, 1841ರ ಮಟ್ಟವನ್ನು ಇನ್ನೂ ಮುಟ್ಟಿಲ್ಲ. ಪಶ್ಚಿಮದ ಗುಡ್ಡಗಳಲ್ಲಿ ಸಂಜೆಯ ಓರೆ ಬಿಸಿಲು ಬಿದ್ದಾಗ ಹುಲ್ಲಿನ ಕೆಳಗೆ ಸಾಲು ಸಾಲು ಉಬ್ಬುಗಳು ಕಾಣುತ್ತವೆ. ಹಿಂದೆ ಆಲೂಗೆಡ್ಡೆ ಹಾಕಿದ್ದ ಪಾತಿಗಳು ಅವು. ಅವನ್ನು ತೋಡಿದವರು ಮರಳಿ ಬರಲಿಲ್ಲ.

ಅಂಥ ಗುಡ್ಡಕ್ಕೆ ತುಮಕೂರು ಸೀಮೆಯಿಂದ ವರ್ಷಕ್ಕೆ ಹತ್ತು ಜನ ಹೋಗಿ, ಕೆಳಗಿನ ಊರಿನ ಅಂಗಡಿಯಲ್ಲಿ ಚಹಾ ಕುಡಿದು ಬಂದರೆ ಯಾರಿಗೂ ಅನ್ಯಾಯವಾಗದೆಂದು ನನ್ನ ಎಣಿಕೆ. ನೂರು ಕಾರುಗಳು ಹೋಗುವ ಸಂಭವ ಬಂದರೆ ತಾವು ಮತ್ತೆ ಬರೆಯಿರಿ, ಕ್ಷಮೆ ಕೇಳುತ್ತೇನೆ.

ಪ್ರಶ್ನೆ: ಹೆದರಿನ ಪೊದೆಯಲ್ಲಿ ಹಾವಿನ ಭಯವಿಲ್ಲವೇ?
– ಚಿಂತಾಮಣಿಯ ಓದುಗರು

ಉತ್ತರ: ಐರ್ಲೆಂಡಿನ ಕಾಡುಮೇಡಿನಲ್ಲಿ ಹಾವೇ ಇಲ್ಲ. ಸಂತ ಪ್ಯಾಟ್ರಿಕ್ ಓಡಿಸಿದನೆಂದು ಐತಿಹ್ಯ. ಹಿಮಯುಗ ಮುಗಿದು ಸಮುದ್ರ ಏರಿದಾಗ ಹಾವುಗಳು ಆ ದ್ವೀಪವನ್ನು ತಲುಪಲಾಗಲಿಲ್ಲವೆಂಬುದು ವಿಜ್ಞಾನ. ಭಯಪಡಬೇಕಾದದ್ದು ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗಿಗೆ. ಅಲ್ಲಿನ ಕೆಲವು ಉಣುಗುಗಳು ಲೈಮ್ ಎಂಬ ರೋಗವನ್ನು ಹರಡುತ್ತವೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದ ಮೇಲೆ ಮಂಡಿಯ ಹಿಂಭಾಗ, ಕಂಕುಳು, ಸೊಂಟವನ್ನು ನೋಡಿಕೊಳ್ಳಿ.

ಪ್ರಶ್ನೆ: ಸ್ಲೀವ್ ಗಲಿಯನ್ ಎಂಬ ಬೆಟ್ಟ ಡಬ್ಲಿನ್‌ನಿಂದ ಹತ್ತಿರವಂತೆ. ಐರ್ಲೆಂಡಿನ ವೀಸಾದಲ್ಲಿ ಹೋಗಬಹುದೇ?
– ಬಾಗೇಪಲ್ಲಿಯ ಓದುಗರು

ಉತ್ತರ: ಆ ಬೆಟ್ಟ ಇರುವುದು ಉತ್ತರ ಐರ್ಲೆಂಡಿನ ಆರ್ಮಾ ಜಿಲ್ಲೆಯಲ್ಲಿ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿ. ರಸ್ತೆಯಲ್ಲಿ ಗೇಟಾಗಲಿ ತಪಾಸಣೆಯಾಗಲಿ ಕಾಣದಿದ್ದರೂ ಭಾರತೀಯರಿಗೆ ಅಲ್ಲಿಗೆ ಹೋಗಲು ಬ್ರಿಟನ್ನಿನ ಅನುಮತಿ ಬೇಕು. ಎರಡೂ ಕಡೆ ಸಲ್ಲುವ ಅಲ್ಪಾವಧಿ ವೀಸಾ ವ್ಯವಸ್ಥೆಯೊಂದು ಭಾರತೀಯರಿಗಿದೆ. ವೀಸಾದ ಮೇಲೆ ಅದರ ಗುರುತಿದ್ದರೆ ಮಾತ್ರ ಗಡಿ ದಾಟಿ.

ಪ್ರಶ್ನೆ: ಬೆಟ್ಟದ ಮೇಲೆ ತಿನ್ನಲು ಏನು ಒಯ್ಯಬೇಕು?
– ತಿಪಟೂರಿನ ಓದುಗರು

ಉತ್ತರ: ನಿಪ್ಪಟ್ಟು, ಕೊಬ್ಬರಿ ಮಿಠಾಯಿ, ಫ್ಲಾಸ್ಕಿನಲ್ಲಿ ಬಿಸಿ ಚಹಾ. ಚಿತ್ರಾನ್ನ ಆ ಚಳಿಗೆ ಗಟ್ಟಿಯಾಗುತ್ತದೆ, ಮಗನ ಮನೆಯಲ್ಲಿಯೇ ತಿಂದು ಹೊರಡಿ. ಬಾಳೆಹಣ್ಣು ಒಯ್ದರೆ ಸಿಪ್ಪೆಯನ್ನು ಚೀಲದಲ್ಲಿ ವಾಪಸು ತನ್ನಿ. ದೇವರಾಯನದುರ್ಗದಲ್ಲಾದರೆ ಎಸೆದ ಸಿಪ್ಪೆ ನೆಲ ಮುಟ್ಟುವ ಮೊದಲೇ ಕೋತಿಯ ಕೈಸೇರುತ್ತದೆ, ಅಲ್ಲಿ ಕೋತಿಗಳಿಲ್ಲ.